ಬೋರ್ಡಿಗೆ ಹಾಕಿದ ಹಾರ

ಕಾಶಪ್ಪ ಮಾಸ್ತರರಿಗೆ ಆ ಸ್ಮಾರ್ಟ್ ಬೋರ್ಡು ತರಗತಿಯ ಗೋಡೆ ಹತ್ತಿದ ದಿನದಿಂದಲೂ ಆಗಿಬರಲಿಲ್ಲ. ಮುಧೋಳದ ಆಚೆಗಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಅರ್ಧ ಆಯುಷ್ಯ ಗಣಿತ ಕಲಿಸಿದವರು ಅವರು. ಮಕ್ಕಳು ಲೆಕ್ಕ ತಪ್ಪಿದರೆ ಅಳಿಸಗೊಡುತ್ತಿರಲಿಲ್ಲ. "ಅಲ್ಲೇ ಇರ್ಲಿ. ಎಲ್ಲಿ ತಪ್ಪೀದಿ, ನೀನೇ ಹುಡುಕು" ಎಂದು ಸೀಮೆಸುಣ್ಣ ಅವರ ಕೈಗೇ ಕೊಡುತ್ತಿದ್ದರು.

ಈ ಬೋರ್ಡಿಗೆ ಅಂಥ ವ್ಯವಧಾನವೆಲ್ಲಿ? ಇಂಟರ್ನೆಟ್ಟಿನಿಂದ ಪ್ರಶ್ನೆ ಬರುತ್ತದೆ, ಕೆಳಗೆ ನಾಲ್ಕು ಉತ್ತರ, ಮಕ್ಕಳು ಬೆರಳಿಟ್ಟು ಒಂದನ್ನು ಒತ್ತಬೇಕು. ತಪ್ಪಾದರೆ ಕೆಂಪು ಗೀಟು, ಮೇಲೊಂದು ದರಿದ್ರ ಪೀಪಿ. ಯಾಕೆ ತಪ್ಪಾಯಿತೆಂದು ಕೇಳುವ ಬುದ್ಧಿಯಿಲ್ಲದ ಆ ಡಬ್ಬಿಗೆ ಹತ್ತನೇ ತರಗತಿಯ ಗಣಿತ ವಹಿಸಬೇಕೆಂದು ಹೆಡ್‌ಮಾಸ್ತರ ಸಂಗಮೇಶ್ವರ ಹಟ ಹಿಡಿದಿದ್ದರು. ಶಿಕ್ಷಣ ಇಲಾಖೆಯ ಸಾಹೇಬರು ಬಂದು ನೋಡಿ ಒಪ್ಪಿದರೆ ಕಾಶಪ್ಪನವರು ಎಂಟನೇ ತರಗತಿಗೆ.

ಸಾಹೇಬರು ಬಂದದ್ದು ದಸರಾ ರಜೆಯ ಹಿಂದಿನ ದಿನ, ಶಾಲೆಯ ಖಂಡೆಪೂಜೆಯಂದು, ಅಂದರೆ ಆಯುಧಪೂಜೆಯಂದು. ಬೆಳಿಗ್ಗೆಯೇ ಗಂಟೆ, ಬೀಗ, ಕಂಪ್ಯೂಟರಿಗೆಲ್ಲ ಕುಂಕುಮ ಹಚ್ಚಿದ ಸಂಗಮೇಶ್ವರ ಬೋರ್ಡಿಗೆ ಮಾರುದ್ದದ ಚೆಂಡುಹೂವಿನ ಹಾರ ಹಾಕಿದರು. ಹಾರ ಪರದೆಯ ಮೇಲೆ ಜೋತುಬಿತ್ತು. ಯಾರೋ ಬೆರಳಿಟ್ಟರೆಂದು ತಿಳಿದ ಬೋರ್ಡು ತನ್ನಷ್ಟಕ್ಕೆ ಉತ್ತರ ಒತ್ತತೊಡಗಿತು. ಕಾಶಪ್ಪನವರೊಬ್ಬರೇ ಅದನ್ನು ಕಂಡರು, ಬಾಯಿ ಬಿಡಲಿಲ್ಲ. ಸಾಹೇಬರ ಮುಂದೆಯೇ ಇದರ ಮಾನ ಹೋಗಲಿ ಎಂದು ಒಳಗೊಳಗೇ ಹಿಗ್ಗಿದರು.

ಸಾಹೇಬರು ಬೋರ್ಡಿಗೆ ಕರೆದದ್ದು ಹತ್ತನೇ ತರಗತಿಯ ಫರಹತಳನ್ನು. ಮಾತಾಡಲು ಹೆದರಿ ಹಿಂದಿನ ಬೆಂಚಿನಲ್ಲಿ ಅಡಗುತ್ತಿದ್ದ ಹುಡುಗಿ. ಅವಳನ್ನು ಮುಂದಿನ ಬೆಂಚಿಗೆ ತರಲು ಕಾಶಪ್ಪನವರಿಗೆ ಒಂದು ವರ್ಷ ಹಿಡಿದಿತ್ತು.

ಸರಿಯಾದ ಉತ್ತರಕ್ಕೆ ಅವಳು ಬೆರಳು ಚಾಚಿದಳು. ತಾಗುವ ಮೊದಲೇ ಪೀಪಿ. ಇನ್ನೊಂದು ಪ್ರಶ್ನೆ, ಮತ್ತೆ ಪೀಪಿ. ತರಗತಿಯೆಲ್ಲ ನಕ್ಕಿತು.

"ಇಷ್ಟೂ ಬರಲ್ಲೇನು? ಗಣಿತ ಯಾರು ಕಲಿಸ್ತಾರ ಇವರಿಗೆ?" ಎಂದರು ಸಾಹೇಬರು.

"ನಾ ಬರೋಬರಿನೇ ಒತ್ತಾಕತ್ತೀನ್ರಿ..." ಫರಹತ ಬೆರಳನ್ನು ಹಿಂದಕ್ಕೆಳೆದುಕೊಂಡಳು.

ಕಾಶಪ್ಪನವರಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಹಾರವನ್ನು ಕಿತ್ತು ಮೂಲೆಗೆ ಎಸೆದರು. "ಹಾರ ತಾಕಿ ಹಂಗಾಗ್ಲಿಕತ್ತದ. ಈಗ ಒತ್ತವಾ."

ಒತ್ತಿದಳು. ಹಸಿರು ಗೀಟು. ಮುಂದಿನದೂ ಹಸಿರು.

"ಭಾಳ ಚಲೋ ಅದರಿ ಬೋರ್ಡು!" ಸಾಹೇಬರು ಚಪ್ಪಾಳೆ ತಟ್ಟಿದರು. "ಹತ್ತನೇ ತರಗತಿ ಗಣಿತ ಇದರ ಮ್ಯಾಲೇ ನಡೀಲಿ."

ಕಾಶಪ್ಪನವರಿಗೆ ಅದನ್ನು ಅಲ್ಲೇ ಒಡೆದುಹಾಕುವಷ್ಟು ಸಿಟ್ಟು ಬಂತು. ಸಾಹೇಬರೂ ಹೆಡ್‌ಮಾಸ್ತರರೂ ಚಹಾಕ್ಕೆ ಹೊರಟರು. ಫರಹತ ಮಾತ್ರ ಬೋರ್ಡಿನ ಬಳಿಯೇ ನಿಂತಿದ್ದಳು.

"ಸರ್, ನಿಮಗ ಮೊದಲೇ ಗೊತ್ತಿತ್ತೇನ್ರಿ?"

ಕಾಶಪ್ಪ ಕೈಗಂಟಿದ ಎಸಳನ್ನು ಉಜ್ಜಿಕೊಂಡರು. "ಗೊತ್ತಿತ್ತು."

ಅವಳು ಮುಂದಿನ ಬೆಂಚಿಗೆ ಹೋದಳು. ಚೀಲ ಎತ್ತಿಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತಳು.