ಲಾಂಡ್ರಿಯ ಅತ್ತಿಗೆ

ನಮ್ಮ ಲಾಂಡ್ರಿಯಲ್ಲಿ ಅವರನ್ನು ಎಲ್ಲರೂ ಅತ್ತಿಗೆ ಅಂತಲೇ ಕರೆಯುತ್ತಿದ್ದೆವು. ವಯಸ್ಸಿನಲ್ಲಿ ದೊಡ್ಡವರೂ ಹಾಗೇ ಕರೆಯುತ್ತಿದ್ದರು, ಬಟ್ಟೆಮೂಟೆ ತರುವ ವ್ಯಾನಿನ ಡ್ರೈವರನೂ ಹಾಗೇ ಕರೆಯುತ್ತಿದ್ದ. ಅದಕ್ಕೆ ಕಾರಣ ನಮ್ಮ ಮೇಸ್ತ್ರಿ. ಅವನು ಅವರ ಗಂಡನ ತಮ್ಮ. ಅವರನ್ನು ಕೆಲಸಕ್ಕೆ ಸೇರಿಸಿದವನೂ ಅವನೇ. ಮೊದಲ ದಿನ ಎಲ್ಲರೆದುರು "ಅತ್ತಿಗೆ, ಇಲ್ಲಿ ನಿಂತ್ಕೊಳ್ಳಿ" ಅಂದ. ಆ ಹೆಸರು ಅಂಟಿಕೊಂಡುಬಿಟ್ಟಿತು.

ಅವರು ಮದುವೆಯಾಗಿ ಆ ಮನೆಗೆ ಕಾಲಿಟ್ಟಾಗ ಮೇಸ್ತ್ರಿ ಚಡ್ಡಿ ಹಾಕುವ ಹುಡುಗ, ತಾಯಿಯಿಲ್ಲದವನು. ತಲೆ ಬಾಚಿ, ಮೂಗು ಒರೆಸಿ ಶಾಲೆಗೆ ಕಳಿಸಿದ್ದು ಇವರೇ. "ಈಗ ನನ್ನ ಮೇಲೇ ದರ್ಬಾರು ಮಾಡ್ತಾನೆ ನೋಡು" ಅಂತ ನನ್ನ ಹತ್ತಿರ ಹೇಳಿ ನಗುತ್ತಿದ್ದರು.

ನಾವಿಬ್ಬರೂ ಇಸ್ತ್ರಿ ಮಾಡುವ ಒಂದೇ ರೋಲರಿನ ಮುಂದೆ ನಿಲ್ಲುತ್ತಿದ್ದೆವು. ಹೋಟೆಲು, ಆಸ್ಪತ್ರೆಗಳಿಂದ ಬಂದ ಬೆಡ್‌ಶೀಟು ಒಗೆದಾದ ಮೇಲೆ ನಮ್ಮ ಕೈಗೆ ಬರುತ್ತಿತ್ತು. ಒಂದು ತುದಿ ಅವರು, ಒಂದು ತುದಿ ನಾನು ಹಿಡಿದು ಸುಕ್ಕಿಲ್ಲದಂತೆ ಎಳೆದು, ಕುದಿಯುವಷ್ಟು ಬಿಸಿಯಾದ ರೋಲರಿನ ಬಾಯಿಗೆ ಕೊಡಬೇಕು. ಧೂಳು ಬೀಳುತ್ತದೆಂದು ಕಿಟಕಿ ಮುಚ್ಚಿರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹಬೆಯಲ್ಲಿ ನಾವೇ ಬೆಂದು ಹೋಗುತ್ತಿದ್ದೆವು.

ಪ್ರತಿ ರೋಲರಿನ ಮುಂದೆಯೂ ಒಂದು ಅಡ್ಡಪಟ್ಟಿ ಇತ್ತು. ಕೈ ತಗುಲಿದರೆ ಯಂತ್ರ ತಾನೇ ನಿಲ್ಲಬೇಕು. ನೂಲಿನ ಕಸ ಸೇರಿ ಅದು ಸುಮ್ಮಸುಮ್ಮನೆ ಯಂತ್ರ ನಿಲ್ಲಿಸುತ್ತಿತ್ತೆಂದು ಯಾರೋ ತಂತಿ ಬಿಗಿದು ಕಟ್ಟಿಹಾಕಿದ್ದರು. ಎಲ್ಲರಿಗೂ ಗೊತ್ತಿತ್ತು, ಮಾಲೀಕರಿಗೂ ಗೊತ್ತಿತ್ತು.

ಪಕ್ಕದ ರೋಲರಿನಲ್ಲಿ ಒಬ್ಬ ಹುಡುಗಿ ಇದ್ದಳು. ಕುಳ್ಳಗಿದ್ದಳೆಂದು ಕುಳ್ಳಿ ಅನ್ನುತ್ತಿದ್ದೆವು, ಅವಳೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಒಂದು ದಿನ ಬೆಡ್‌ಶೀಟಿನ ಜೊತೆ ಅವಳ ಕೈಯೂ ಒಳಗೆ ಹೋಯಿತು. ಅತ್ತಿಗೆ ಓಡಿಹೋಗಿ ಗೋಡೆಯ ಸ್ವಿಚ್ಚು ಕೆಳಗೆಳೆದರು. ಅಷ್ಟರಲ್ಲಿ ಕೈ ಸುಟ್ಟುಹೋಗಿತ್ತು. ಎರಡು ಬೆರಳನ್ನು ಅವಳಿಗೆ ಮತ್ತೆಂದೂ ಮಡಚಲಾಗಲಿಲ್ಲ.

ಅತ್ತಿಗೆ ಮಾಲೀಕರ ಕೋಣೆಗೆ ಹೋದರು. ಪಟ್ಟಿಗೆ ಕಟ್ಟಿದ ತಂತಿ ಬಿಚ್ಚಿಸಿ ರಿಪೇರಿ ಮಾಡಿಸಿ, ಹುಡುಗಿಯ ಚಿಕಿತ್ಸೆ ನೋಡಿಕೊಳ್ಳಿ ಅಂದರು. ಮಾಲೀಕರು ಕೂಗಾಡುವ ಮನುಷ್ಯರಲ್ಲ, ನಮ್ಮ ಮಕ್ಕಳ ಹೆಸರು ಹಿಡಿದು ವಿಚಾರಿಸುವವರು. ಮೆತ್ತಗೇ ಕೇಳಿದರಂತೆ: "ಅವಳಿಗೇನು ಬೇಕೋ ಅವಳು ಕೇಳ್ಲಿ. ಎಲ್ಲರ ಪರವಾಗಿ ಕೇಳೋಕೆ ನೀವ್ಯಾರು?"

ವಾಪಸ್ ಬಂದು ಬೆಡ್‌ಶೀಟಿನ ತುದಿ ಹಿಡಿದರು. ಆಮೇಲೆ ಅಂದರು, "ಅವರು ಕೇಳಿದ್ದು ಸರಿಯಾಗೇ ಇದೆ ಕಣೇ. ನಾನ್ಯಾರು? ನೀವೆಲ್ಲ ಹೂಂ ಅಂದ್ರೆ ತಾನೇ ನಾನು ಯಾರಾದ್ರೂ ಆಗೋದು?"

ಸಂಘ ಹುಟ್ಟಿದ್ದು ಹೀಗೆ. ಮಹಡಿಯ ಮೇಲೆ, ಒಣಹಾಕಿದ ಟವೆಲುಗಳ ಮರೆಯಲ್ಲಿ ಊಟದ ಡಬ್ಬಿ ಹಿಡಿದು ಮಾತಾಡುತ್ತಿದ್ದೆವು. "ಹೊಟ್ಟೆ ಮೇಲೆ ಹೊಡೆದ್ರೆ ಏನ್ಮಾಡೋದು?" ಅಂತ ಇಬ್ಬರು ಹೆದರಿ ಕೆಲಸವನ್ನೇ ಬಿಟ್ಟರು. ಉಳಿದವರು ಸಹಿ ಹಾಕಿದೆವು. ಸಂಘ ನೋಂದಣಿಯಾಯಿತು.

ಮೇಸ್ತ್ರಿ ಅಣ್ಣನ ಮನೆಗೆ ಬಂದು ಗೋಗರೆದ. "ಅತ್ತಿಗೆ, ನನ್ನ ಮುಖ ನೋಡಿಯಾದ್ರೂ ಇದನ್ನ ಬಿಟ್ಬಿಡಿ."

"ನಿನ್ನ ಮುಖ ನೋಡ್ಕೊಂಡೇ ಇಷ್ಟು ವರ್ಷ ಸುಮ್ನಿದ್ದೆ ಕಣೋ. ಈಗ ಆ ಹುಡುಗಿ ಕೈ ನೋಡಿದೀನಿ" ಅಂದರು ಅವರು.

ಮುಂದಿನ ವಾರವೇ ಅತ್ತಿಗೆಯನ್ನು ಕೆಲಸದಿಂದ ತೆಗೆದರು. ಸಂಘದ ಸುದ್ದಿಯೇ ಎತ್ತಲಿಲ್ಲ. ಅತ್ತಿಗೆ ಮೇಸ್ತ್ರಿಗೆ ಬಾಯಿಗೆ ಬಂದ ಹಾಗೆ ಬೈದರು, ಮಾತು ಕೇಳಲ್ಲ ಅಂತ ಕಾರಣ ಕೊಟ್ಟರು. ದೂರಿನ ಕೆಳಗೆ ಮೈದುನನದೇ ಸಹಿ.

ಅವರ ಗಂಡ ಬೀಗ ರಿಪೇರಿ ಮಾಡುವವರು, ಮನೆಯ ಕೆಳಗೇ ಪುಟ್ಟ ಅಂಗಡಿ. "ಊರಿನ ಬೀಗವೆಲ್ಲ ತೆಗೀತೀನಿ, ನನ್ನ ತಮ್ಮನ ಬಾಯಿ ತೆಗ್ಸೋಕೆ ಮಾತ್ರ ಆಗ್ತಿಲ್ಲ" ಅಂದರು. ನಗಿಸಲು ಹೇಳಿದ್ದು, ಯಾರೂ ನಗಲಿಲ್ಲ.

ಅತ್ತಿಗೆಯ ಜೊತೆ ಕಾರ್ಮಿಕ ಇಲಾಖೆಗೆ ಹೋದವಳು ನಾನು. ಅಧಿಕಾರಿ ಹೆಂಗಸು, ಮುಖದಲ್ಲಿ ನಗುವಿಲ್ಲ. ಎಲ್ಲ ಕೇಳಿಸಿಕೊಂಡು ಹೇಳಿದರು: "ಸಂಘ ಕಟ್ಟೋದು ನಿಮ್ಮ ಹಕ್ಕು. ಅದಕ್ಕೋಸ್ಕರ ಕೆಲಸದಿಂದ ತೆಗೆದ್ರೆ ಕಾನೂನು ಮುರಿದ ಹಾಗೆ. ಆದ್ರೆ ಅದಕ್ಕೇ ತೆಗೆದಿದ್ದು ಅಂತ ಸಾಬೀತಾಗ್ಬೇಕು."

"ಸರ್ಕಾರ ನಮ್ಮ ಕಡೆ ಇದೆ ಅಂದ್ಕೊಂಡು ಬಂದೆ" ಅಂದರು ಅತ್ತಿಗೆ.

"ನಾನು ಕಾನೂನಿನ ಕಡೆ. ಈ ವಿಷಯದಲ್ಲಿ ಕಾನೂನು ನಿಮ್ಮ ಕಡೆ ಇದೆ. ವಿಚಾರಣೆಗೆ ಬನ್ನಿ."

ವಿಚಾರಣೆಯ ದಿನ ಆ ಸಣ್ಣ ಕೋಣೆಯಲ್ಲಿ ಒಂದು ಕಡೆ ಮಾಲೀಕರು, ಅವರ ವಕೀಲರು, ಮೇಸ್ತ್ರಿ; ಇನ್ನೊಂದು ಕಡೆ ನಾವು. ಮೇಸ್ತ್ರಿ ತಲೆ ಎತ್ತಲೇ ಇಲ್ಲ. ಅಧಿಕಾರಿ ನೇರವಾಗಿ ಅವನನ್ನೇ ಕೇಳಿದರು.

"ಇವರು ನಿಮಗೆ ಬೈದಿದ್ದು ನಿಜಾನಾ?"

"ನಿಜ ಮೇಡಂ."

ಅತ್ತಿಗೆ ಸೆರಗಿನ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಏನಂತ ಬೈದ್ರು?"

"ಊಟ ಮಾಡದೆ ಕೆಲಸಕ್ಕೆ ಬಂದಿದ್ದೀಯಲ್ಲೋ ಕತ್ತೆ, ಅಂತ. ಚಿಕ್ಕಂದಿನಿಂದ ಬೈತಾನೇ ಇದ್ದಾರೆ."

ವಕೀಲರು ಏಳಹೊರಟರು. ಅಧಿಕಾರಿ ಕೈ ಎತ್ತಿ ಕೂರಿಸಿದರು. "ಹಾಗಾದ್ರೆ ಈ ದೂರು?"

"ಮಾಲೀಕರು ಹೀಗೆ ಬರಿ ಅಂದ್ರು, ಬರೆದೆ. ಸಂಘ ಕಟ್ಟಿದ್ದಕ್ಕೇ ತೆಗೆದಿದ್ದು. ಅವರನ್ನ ತೆಗೆದ್ರೆ ಉಳಿದೋರು ತಾವೇ ತಣ್ಣಗಾಗ್ತಾರೆ ಅಂತ ನನ್ನೆದುರೇ ಹೇಳಿದ್ರು." ಹೇಳುತ್ತಾ ಹೇಳುತ್ತಾ ತಲೆ ಎತ್ತಿ ಅತ್ತಿಗೆಯತ್ತ ನೋಡಿದ. ಅತ್ತಿಗೆಯ ಕಣ್ಣಲ್ಲಿ ನೀರು.

ಸಾಕ್ಷಿ ಹೇಳಿದವನಿಗೆ ತೊಂದರೆ ಕೊಟ್ಟರೆ ಅದೂ ಅಪರಾಧವೇ ಅಂತ ಅಧಿಕಾರಿ ಅಲ್ಲೇ ಎಚ್ಚರಿಸಿದರು. ಕೆಲವು ವಾರಗಳಲ್ಲಿ ಆದೇಶ ಬಂತು: ಅತ್ತಿಗೆಯನ್ನು ವಾಪಸ್ ತೆಗೆದುಕೊಳ್ಳಬೇಕು. ಇವರ ಸಂಘದ ಹಿಂದೆ ಯಾರೂ ಇಲ್ಲ ಅಂತ ಮಾಲೀಕರು ಆಗಲೂ ವಾದಿಸಿದರು. ಅಧಿಕಾರಿ ಮತಪೆಟ್ಟಿಗೆ ತಂದು ಬಟ್ಟೆ ಮಡಿಸುವ ಕೋಣೆಯಲ್ಲಿಟ್ಟು, ಮಾಲೀಕರನ್ನು ಹೊರಗೆ ನಿಲ್ಲಿಸಿ ಗುಟ್ಟಾಗಿ ಮತ ಹಾಕಿಸಿದರು. ಸಂಘ ಬೇಡ ಅಂದವರು ಒಂದು ಕೈಯ ಬೆರಳುಗಳಲ್ಲಿ ಎಣಿಸುವಷ್ಟು ಜನ. ಅಲ್ಲಿಂದ ಮಾಲೀಕರು ನಮ್ಮೊಂದಿಗೆ ಕೂತು ಮಾತಾಡಲೇಬೇಕಾಯಿತು. ಪಟ್ಟಿಯ ರಿಪೇರಿಯಾಯಿತು, ಕುಳ್ಳಿಯ ಚಿಕಿತ್ಸೆಯ ಖರ್ಚನ್ನು ಅವರೇ ಕೊಟ್ಟರು, ಅವಳಿಗೆ ಬಟ್ಟೆ ಪಡೆಯುವ ಕೌಂಟರಿನಲ್ಲಿ ಕೆಲಸ ಸಿಕ್ಕಿತು. ಹೆದರಿ ಬಿಟ್ಟುಹೋದ ಇಬ್ಬರು ಮಾತ್ರ, ಕರೆದರೂ ಬರಲಿಲ್ಲ.

ಮೇಸ್ತ್ರಿ ಆ ಹುದ್ದೆ ಸಾಕೆಂದು ತಾನೇ ಬಿಟ್ಟು ಒಗೆಯುವ ಯಂತ್ರದ ಕೆಲಸಕ್ಕೆ ಬಂದ. ಸಂಘಕ್ಕೆ ಸೇರಿಸಿಕೊಳ್ಳಿ ಅಂತ ಕೇಳಿದ. ಸುಳ್ಳು ದೂರಿಗೆ ಸಹಿ ಹಾಕಿದವನು ಬೇಡವೇ ಬೇಡ ಅಂದವರೇ ಹೆಚ್ಚು. ಎಲ್ಲರೂ ಅತ್ತಿಗೆಯ ಮುಖ ನೋಡಿದರು.

"ನಾನು ಬಾಯಿ ಹಾಕಲ್ಲ. ಮೈದುನ ಅಂತ ಶಿಫಾರಸು ಮಾಡಿದ್ರೆ ಇದು ಸಂಘ ಆಗಲ್ಲ, ನಮ್ಮನೆ ಪಂಚಾಯ್ತಿ ಆಗುತ್ತೆ" ಅಂದರು.

ಕೊನೆಗೆ ಕುಳ್ಳಿ ಎದ್ದಳು. "ಸೇರಿಸ್ಕೊಳ್ಳೋಣ. ಮಾಲೀಕರ ಪಕ್ಕದಲ್ಲೇ ಕೂತು ನಿಜ ಹೇಳ್ದ. ನಮ್ಮಲ್ಲಿ ಎಷ್ಟು ಜನಕ್ಕೆ ಆ ಧೈರ್ಯ ಇತ್ತು?"

ಅವನನ್ನು ಸೇರಿಸಿಕೊಂಡೆವು. ಆ ಸಂಜೆ ಮನೆಗೆ ಹೋಗುವಾಗ ಅತ್ತಿಗೆ ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದರು, ನನಗೆ ಒಂದು ಮಾತಿಗೂ ಜಾಗ ಬಿಡಲಿಲ್ಲ.

ಈಗ ಸಂಘದ ಅಧ್ಯಕ್ಷೆ ಕುಳ್ಳಿ. ಸಭೆಯಲ್ಲಿ ಅತ್ತಿಗೆ ಹಿಂದಿನ ಸಾಲಿನಲ್ಲಿ ಕೂತು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿ ಅವಳ ಬೆವರಿಳಿಸುತ್ತಾರೆ.