ಬ್ರಿಟಿಷರಿಗಷ್ಟೇ ಉಳಿದ ಭಾಷಣ

ನನಗೆ ಬೇಕಾಗಿದ್ದುದು ರಾಜ್ಯೋತ್ಸವದ ವೇದಿಕೆಯಲ್ಲಿ ಅರ್ಧ ಗಂಟೆ ಮಿಮಿಕ್ರಿ. ಕೊಡಬೇಕಾದವರು ಚಾಮರಾಜಪೇಟೆಯ ನಮ್ಮ ರಸ್ತೆಯ ಸಂಘದ ಕಾರ್ಯದರ್ಶಿ, ನಿವೃತ್ತ ಸರ್ಕಾರಿ ಅಧಿಕಾರಿ. “ಆಗಸ್ಟ್ ಹದಿನೈದಕ್ಕೆ ಕ್ವಿಟ್ ಇಂಡಿಯಾ ಭಾಷಣ ಮಾಡು. ಜನ ಮೆಚ್ಚಿದ್ರೆ ನವೆಂಬರ್ ವೇದಿಕೆ ನಿಂದೇ” ಎಂದರು.

ಆ ಭಾಷಣ ಬ್ರಿಟಿಷರಿಗೆ ಹೇಳಿದ್ದು ಎಂದೇ ನಂಬಿದ್ದೆ. ಓದಿದರೆ, ಅದರಲ್ಲಿ ನಮ್ಮವರನ್ನೇ ಗುಂಪು ಗುಂಪಾಗಿ ಕರೆದು ಮಾತಾಡಿಸಲಾಗಿದೆ: ಪತ್ರಿಕೆಯವರು, ರಾಜರು, ಸರ್ಕಾರಿ ನೌಕರರು, ಸೈನಿಕರು, ವಿದ್ಯಾರ್ಥಿಗಳು. ಒಬ್ಬೊಬ್ಬರಿಗೂ ಒಂದೊಂದು ಕೆಲಸ, ಪ್ರತಿಯೊಂದಕ್ಕೂ ಧೈರ್ಯ ಬೇಕು.

ವೇದಿಕೆಯಲ್ಲಿ ಓದುವ ಕಾಗದ ಮೊದಲು ಮನೆಮನೆ ಸುತ್ತಿ ಒಪ್ಪಿಗೆ ಪಡೆಯಬೇಕು ಎಂಬುದು ನಮ್ಮ ಸಂಘದ ಪದ್ಧತಿ. ಹಿಂದೊಮ್ಮೆ ಸ್ವಾಗತ ಭಾಷಣದಲ್ಲಿ ಹೆಸರು ಬಿಟ್ಟುಹೋದವರೊಬ್ಬರು ಎರಡು ವರ್ಷ ಗಣೇಶನ ಪ್ರಸಾದವನ್ನೂ ಮುಟ್ಟಿರಲಿಲ್ಲ. ಈ ಸಲ ಎಲ್ಲರೂ ತಮ್ಮನ್ನು ಬಿಟ್ಟುಬಿಡಿ ಎಂದರು.

ಕಾರ್ಯದರ್ಶಿಗಳೇ ಶುರು ಮಾಡಿದರು. “ನೌಕರರು ಧೈರ್ಯ ತಂದ್ಕೊಳ್ಳಿ ಅಂದ್ರೆ, ಇಷ್ಟು ದಿನ ಇರ್ಲಿಲ್ಲ ಅಂತ ಆಗತ್ತಲ್ಲಪ್ಪಾ. ತೆಗಿ.” ರಾಜರು ಪ್ರಜೆಗಳ ಸೇವಕರಾಗಬೇಕು ಎಂಬಲ್ಲಿ ಮೂರು ಕಟ್ಟಡಗಳ ಮಾಲೀಕರೂ ಕಾರ್ಪೊರೇಟರ್ ಟಿಕೆಟ್ ಆಕಾಂಕ್ಷಿಯೂ ಆದ ಒಬ್ಬರು ಬೆರಳಿಟ್ಟರು. “ಗುರು, ಇದು ನಂಗೇ ಹೇಳ್ದಂಗೈತೆ.” ನಮ್ಮ ಕಾರ್ಯಕ್ರಮದ ಫೋಟೋ ಹಾಕುವವರು ಮುನಿಸಿಕೊಂಡಾರೆಂದು ಪತ್ರಿಕೆಯವರ ಭಾಗವೂ ಹೋಯಿತು. ನಮ್ಮ ರಸ್ತೆಯಲ್ಲಿ ಸೈನಿಕರೇ ಇಲ್ಲ. ಆದರೂ ಕಾರ್ಯದರ್ಶಿಗಳು, “ಸುಮ್ನೆ ಯಾಕೆ ಬಿಡಪ್ಪಾ” ಎಂದು ಅದನ್ನೂ ಗೀಚಿದರು. ಸಂಜೆಯಾದರೆ ಈ ದನಿಗಳನ್ನೆಲ್ಲ ಅಜ್ಜಿಗೆ ಮಾಡಿ ತೋರಿಸಿ ನಗಿಸುತ್ತಿದ್ದೆ.

ಆಗಸ್ಟ್ ಹದಿನೈದರಂದು ಬ್ರಿಟಿಷರ ಮೇಲೆ ಗುಡುಗಿದೆ. ಅಲ್ಲಿ ಒಬ್ಬ ಬ್ರಿಟಿಷನೂ ಇರಲಿಲ್ಲವಾದ್ದರಿಂದ ಯಾರಿಗೂ ಬೇಜಾರಾಗಲಿಲ್ಲ. ಚಪ್ಪಾಳೆಯೋ ಚಪ್ಪಾಳೆ. “ನವೆಂಬರ್ ನಿಂದೇ ಕಣೋ” ಎಂದು ಕಾರ್ಯದರ್ಶಿಗಳು ಬೆನ್ನು ತಟ್ಟಿದರು.

ಮನೆಯಲ್ಲಿ ಅಜ್ಜಿ ಕನ್ನಡಕ ಹಾಕಿಕೊಂಡು ಆ ಕಾಗದ ಹಿಡಿದು ಕೂತಿದ್ದಳು. “ಅವ್ರೆಲ್ಲ ಪೆನ್ಸಿಲ್‌ನಲ್ಲಿ ಹೊಡೆದಿದಾರೆ. ವಿದ್ಯಾರ್ಥಿಗಳದ್ದು ಮಾತ್ರ ನೀಲಿ ಪೆನ್ನಲ್ಲಿದೆ. ಇದ್ಯಾರೋ?”

ನೀವು ಯಾರ ಕಡೆ ಎಂದು ಅಧ್ಯಾಪಕರ ಎದುರೇ ನಿಂತು ಹೇಳಿ ಎಂದಿತ್ತು ಅದರಲ್ಲಿ. ಅವತ್ತಿನ ಮುಖ್ಯ ಅತಿಥಿ ನಮ್ಮ ಕಾಲೇಜಿನ ಪ್ರಿನ್ಸಿಪಾಲರು. ನನ್ನ ಹಾಜರಾತಿ ಕೊರತೆ ಮನ್ನಿಸಿ ಎಂಬ ಅರ್ಜಿ ಅವರ ಮೇಜಿನ ಮೇಲೆ ಸಹಿಗೆ ಕಾದಿತ್ತು. ಕಾಗದ ಮೊದಲ ಮನೆಗೆ ಹೋಗುವ ಮುಂಚೆಯೇ ನಾನು ಆ ಭಾಗ ಹೊಡೆದುಹಾಕಿದ್ದೆ.

“ಇದನ್ನ ಹೊಡೆದೋನ ದನೀನೂ ಮಾಡಿ ತೋರ್ಸು, ನೋಡೋಣ” ಎಂದಳು.

ಗಂಟಲು ಸರಿಮಾಡಿಕೊಂಡೆ. ಬಾಯಿಗೆ ಬಂದದ್ದು ಕಾರ್ಯದರ್ಶಿಗಳ ದನಿಯೇ: “ಸುಮ್ನೆ ಯಾಕೆ ಬಿಡಪ್ಪಾ.”

ಅಜ್ಜಿ ಈ ಸಲ ನಗಲಿಲ್ಲ.