ಚಹಾ ಕುಡಿಯದ ತಿಪ್ಪೇಸ್ವಾಮಿ ಸರ್

ನಮ್ಮ ನ್ಯಾಮತಿ ಕಡೆ ಬಂದವರು ಚಹಾ ಬೇಡವೆಂದರೆ ಜಗಳಕ್ಕೇ ಬಂದಿದ್ದಾರೆಂದು ಅರ್ಥ. ತಿಪ್ಪೇಸ್ವಾಮಿ ಸರ್ ನಮ್ಮ ಕಂಪ್ಯೂಟರ್ ಸೆಂಟರಿನ ತಪಾಸಣೆಗೆ ಬಂದ ಮೊದಲ ದಿನವೇ ಲೋಟವನ್ನು ಹಿಂದಕ್ಕೆ ಸರಿಸಿದರು. "ನಿಮ್ಮ ಚಾ ಕುಡಿದ ಮ್ಯಾಲೆ ನಿಮ್ಮ ತಪ್ಪು ಬರೆಯಾಕೆ ನನಗೆ ಕೈ ಬರಲ್ಲಮ್ಮ" ಎಂದರು. ನನಗೆ ಮೈಯೆಲ್ಲ ಉರಿಯಿತು. ಬೋಳುತಲೆ, ಸವೆದ ಚಪ್ಪಲಿ, ಮಾತು ಮಾತ್ರ ಕಲೆಕ್ಟರರದು.

ಅವರು ಜಗಳೂರಿನ ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವರು. ವಿದೇಶಿ ಕಂಪನಿಗಳು ತಮ್ಮ ಕಂಪ್ಯೂಟರ್ ಕೆಲಸವನ್ನು ಯಾರಿಗೆ ಗುತ್ತಿಗೆ ಕೊಡಬೇಕು, ಯಾರಿಂದ ಕಿತ್ತುಕೊಳ್ಳಬೇಕು ಎಂದು ತೂಗಿ ಹೇಳುವುದೇ ಅವರ ವೃತ್ತಿ. ನಾವು ಸುತ್ತಲ ಹಳ್ಳಿಗಳ ಹೆಂಗಸರು ಯಾವುದೋ ದೇಶದವರ ಆರೋಗ್ಯ ವಿಮೆಯ ಅರ್ಜಿಗಳನ್ನು ಟೈಪು ಮಾಡುತ್ತಿದ್ದೆವು, ನಾನು ಮೇಲ್ವಿಚಾರಕಿ. ಮ್ಯಾನೇಜರು ಎ.ಸಿ. ಕೋಣೆಗೆ ಕರೆದರೆ ಸರ್ ಹೋಗುತ್ತಿರಲಿಲ್ಲ. ಹೊಲ ನೋಡಾಕೆ ಬಂದೋನು ಗೌಡ್ರ ಜಗಲಿ ಮ್ಯಾಲೆ ಕುಂತ್ರೆ ಬೆಳೆ ಕಾಣತೈತಾ ಎಂದು ನಮ್ಮ ಸಾಲಿನಲ್ಲೇ ಕುಳಿತುಬಿಡುತ್ತಿದ್ದರು.

ಇವತ್ತು ನಿಮ್ಮ ಹೊಲದ ಕಳೆ ನಾವು ತೆಗೆದರೆ ನಾಳೆ ನಮ್ಮದನ್ನು ನೀವು ತೆಗೆಯುತ್ತೀರಿ, ಅದು ಮುಯ್ಯಾಳು. ಅದನ್ನೇ ನಾವು ಸೆಂಟರಿಗೂ ತಂದಿದ್ದೆವು. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಅವಳ ಪಾಸ್‌ವರ್ಡ್ ಹಾಕಿ ಅವಳ ಪಾಲಿನ ಅರ್ಜಿ ಮುಗಿಸುತ್ತಿದ್ದಳು. ಸರ್ ಮಧ್ಯಾಹ್ನದೊಳಗೆ ಹಿಡಿದರು, ನಕ್ಕರು ಕೂಡ.

"ನಮ್ಮವ್ವನೂ ಮುಯ್ಯಿಗೆ ಹೋಗಾಕಿ. ಆದ್ರೆ ಇನ್ನೊಬ್ರ ರೋಗದ ಕಾಗದ ಯಾರು ತೆರೆದ್ರು ಅನ್ನೋದು ಗೊತ್ತಿರಬೇಕು. ಇಲ್ಲಿ ಇದಕ್ಕೆ ಮೋಸ ಅಂತಾರೆ. ಇನ್ನೊಮ್ಮೆ ಕಂಡ್ರೆ ಬರೀತೀನಿ."

ಹಾಗೆ ಮಾಡುವುದನ್ನು ಬಿಟ್ಟೆವು. ಆದರೆ ನಮ್ಮ ಜೊತೆ ಟೈಪು ಮಾಡುತ್ತಿದ್ದ ಸವಳಂಗದ ಶಾಹೀನಾ ಹೆರಿಗೆ ಕಷ್ಟವಾಗಿ ಆಸ್ಪತ್ರೆ ಸೇರಿದಳು. ಗಂಡ ಲಾರಿಯಿಂದ ಬಿದ್ದು ಮನೆ ಹಿಡಿದಿದ್ದ. ರಜೆ ಮೀರಿದರೆ ಅವಳ ಕೆಲಸವೂ ಹೋಗುತ್ತಿತ್ತು. ಎಲ್ಲರೂ ಸೇರಿ ಅವಳ ಹೆಸರಿನಲ್ಲಿ ದುಡಿದೆವು. ಆಗಲೇ ಸರ್ ಮತ್ತೆ ಬಂದರು. ಪರದೆಯ ಮೇಲೆ ಅವಳ ಹೆಸರು, ಕುರ್ಚಿಯಲ್ಲಿ ಬೇರೊಬ್ಬಳು. ನಾನು ಕೈ ಮುಗಿದೆ. ಅವರು ಚೀಲ ಎತ್ತಿಕೊಂಡು ಹೋದರು. ವರದಿ ಹೋಯಿತು, ಹಿಂದೆಯೇ ಗುತ್ತಿಗೆಯೂ ಹೋಯಿತು. ಸೆಂಟರಿಗೆ ಬೀಗ ಬಿತ್ತು, ಶಾಹೀನಾ ಕೂಸನ್ನು ತಾಯಿಯ ಬಳಿ ಬಿಟ್ಟು ಮೆಕ್ಕೆಜೋಳ ಮುರಿಯಲು ಕೂಲಿಗೆ ಹೋದಳು.

ಕಳೆದ ವರ್ಷ ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಸರ್ ಸಿಕ್ಕರು, ತುಂಬ ಇಳಿದುಹೋಗಿದ್ದರು. ವರದಿಗಳನ್ನು ಈಗ ಮಷೀನೇ ಬರೆಯುತ್ತದಂತೆ, ಅವರನ್ನೂ ಮನೆಗೆ ಕಳಿಸಿದ್ದರು. ಶಾಹೀನಾಳ ಸಂಗತಿ ಹೇಳಿದೆ.

"ಇವತ್ತು ನಿಮ್ಮ ಸೆಂಟರಿಗೆ ಬಂದ್ರೂ ಅದನ್ನೇ ಬರೀತೀನಮ್ಮ. ಆದ್ರೆ ಆ ಹುಡುಗಿ ಎದುರಿಗೆ ನಿಲ್ಲಾಕೆ ನನ್ನ ಕೈಲಾಗಲ್ಲ."

ಆ ಮಾತಿಗೆ ಅವರನ್ನು ದ್ವೇಷಿಸಿದೆ. ಅವರು ಸುಳ್ಳು ಹೇಳುವವರಲ್ಲ ಎಂಬ ಗೌರವವೂ ಹೋಗಲಿಲ್ಲ, ಅದೇ ನನಗೆ ಹೆಚ್ಚಿನ ಸಂಕಟ.

ಈ ಬೇಸಿಗೆಯಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರೆಂದು ಹಳೆಯ ಮ್ಯಾನೇಜರು ಫೋನ್ ಮಾಡಿದರು. ಶಾಹೀನಾಳಿಗೆ ಹೇಳಲೋ ಬೇಡವೋ ಎನ್ನುತ್ತಲೇ ಸವಳಂಗಕ್ಕೆ ಹೋಗಿ ಹೇಳಿದೆ. ಅವಳು ಶಪಿಸಿದ್ದರೆ ನಾನು ತಡೆಯುತ್ತಿರಲಿಲ್ಲ. ಕೈಯಲ್ಲಿದ್ದ ಮೆಕ್ಕೆಜೋಳದ ತೆನೆ ಕೆಳಗಿಟ್ಟು ಕೇಳಿದಳು:

"ಅವರ ಮನೆಯಾಗೆ ಇನ್ನು ದುಡಿಯೋರು ಯಾರದಾರಕ್ಕಾ?"